ಅಪ್‌ಗ್ರೇಡ್ ಆದ ಮೇಲೆ ಮೌಸ್ ಸತ್ತಿತು: ಕೀಬೋರ್ಡ್ ಒಂದರಿಂದಲೇ ಮಾಡಿದ ರಿಪೇರಿ

ಶನಿವಾರ ರಾತ್ರಿ ನನ್ನ ಡೆಸ್ಕ್‌ಟಾಪನ್ನು ವಿಂಡೋಸ್ 10ರಿಂದ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿತ್ತು. ನಾಳೆ ಮಾಡೋಣ ಅಂತ ಮುಂದೂಡುತ್ತಲೇ ಬಂದಿದ್ದೆ. ಅವತ್ತು ಕೂತು ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಂಡೆ. ಬಳಸದ ಹಳೆಯ ಪ್ರೋಗ್ರಾಂಗಳನ್ನೆಲ್ಲ ತೆಗೆದು ಹಾಕಿದೆ. ಆಮೇಲೆ ಅಪ್‌ಗ್ರೇಡ್ ಶುರು ಮಾಡಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಹೊಸ ಲಾಕ್ ಸ್ಕ್ರೀನ್ ಬಂದಿತ್ತು. ಪಿನ್ ಹೊಡೆದೆ, ಒಳಗೆ ಹೋಯಿತು. ಮೌಸ್ ಹಿಡಿದು ಅಲ್ಲಾಡಿಸಿದೆ. ಏನೂ ಇಲ್ಲ. ಪಾಯಿಂಟರ್ ನಿಂತುಬಿಟ್ಟಿದೆ ಅಂತಲ್ಲ, ಪಾಯಿಂಟರೇ ಕಾಣಿಸುತ್ತಿಲ್ಲ. ಮೌಸನ್ನು ತಿರುಗಿಸಿ ನೋಡಿದರೆ ಕೆಳಗಿನ ಕೆಂಪು ದೀಪ ಉರಿಯುತ್ತಿದೆ.

ಈ ದೀಪ ನೋಡಿ ತುಂಬ ಜನ ಮೋಸ ಹೋಗುತ್ತಾರೆ. ದೀಪ ಉರಿದರೆ ಯುಎಸ್‌ಬಿ ಪೋರ್ಟ್‌ನಿಂದ 5 ವೋಲ್ಟ್ ಕರೆಂಟ್ ಬರುತ್ತಿದೆ ಅಂತಷ್ಟೇ ಅರ್ಥ. ಮೌಸ್ ಹೇಳಿದ್ದನ್ನು ಕಂಪ್ಯೂಟರ್ ಕೇಳಿಸಿಕೊಳ್ಳುತ್ತಿದೆಯಾ ಇಲ್ಲವಾ ಅನ್ನುವುದು ಬೇರೆಯೇ ಪ್ರಶ್ನೆ.

ಮೊದಲು ಮೌಸ್ ಸರಿಯಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಬೇರೆ ಪೋರ್ಟ್‌ಗೆ ಹಾಕಿದೆ, ಆಗಲಿಲ್ಲ. ಇನ್ನೊಂದು ಲ್ಯಾಪ್‌ಟಾಪ್‌ಗೆ ಹಾಕಿದೆ, ಅಲ್ಲಿ ಚೆನ್ನಾಗಿ ಓಡಿತು. ಡ್ರಾಯರ್‌ನಲ್ಲಿದ್ದ ಬೇರೆ ಕಂಪನಿಯ ಹಳೆಯ ಮೌಸ್ ತಂದು ಈ ಮೆಷಿನ್‌ಗೆ ಹಾಕಿದೆ, ಅದೂ ಸತ್ತ ಹಾಗೇ ಇತ್ತು. ಕೊನೆಗೆ ಮೆಷಿನ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್ ಸೆಟಪ್‌ಗೆ ಹೋದೆ. ಬಯೋಸ್ ಅಂದರೆ ವಿಂಡೋಸ್‌ಗಿಂತ ಮೊದಲೇ ಓಡುವ, ಮದರ್‌ಬೋರ್ಡ್‌ನ ಸ್ವಂತ ಪ್ರೋಗ್ರಾಂ. ಅಲ್ಲಿ ಪಾಯಿಂಟರ್ ನುಣ್ಣಗೆ ಓಡಾಡಿತು!

ಬಯೋಸ್‌ನಲ್ಲಿ ಓಡಿದ್ದು ದೊಡ್ಡ ಸಾಕ್ಷಿ. ಅಲ್ಲಿ ವಿಂಡೋಸ್ ಇರುವುದಿಲ್ಲ, ಸಾಧನಗಳ ಜೊತೆ ಮಾತಾಡಲು ಅದು ಬಳಸುವ ಚಿಕ್ಕ ಪ್ರೋಗ್ರಾಂಗಳು, ಅಂದರೆ ಡ್ರೈವರ್‌ಗಳೂ ಇರುವುದಿಲ್ಲ. ಇಂಥ ಜಾಗಗಳಿಗೆ ಅಂತಲೇ ಯುಎಸ್‌ಬಿ ಮೌಸ್‌ಗಳಲ್ಲಿ ಬೂಟ್ ಪ್ರೋಟೊಕಾಲ್ ಅನ್ನುವ ಸರಳವಾದ ಒಂದು ಭಾಷೆ ಇರುತ್ತದೆ. ಒಂದು ಸಲಕ್ಕೆ ಮೂರೇ ಬೈಟ್: ಯಾವ ಬಟನ್ ಒತ್ತಿದೆ, ಅಡ್ಡಕ್ಕೆ ಎಷ್ಟು ಸರಿದಿದೆ, ಉದ್ದಕ್ಕೆ ಎಷ್ಟು ಸರಿದಿದೆ. ಅಷ್ಟು ತಲುಪುತ್ತಿದೆ ಅಂದರೆ ಮೌಸ್, ವೈರ್, ಪೋರ್ಟ್, ಮದರ್‌ಬೋರ್ಡ್ ಎಲ್ಲ ಸರಿಯಿವೆ. ಎಡವಟ್ಟು ಇರುವುದು ವಿಂಡೋಸ್ ಒಳಗೆ.

ಇಲ್ಲಿಂದ ಮುಂದೆ ಎಲ್ಲವನ್ನೂ ಕೀಬೋರ್ಡ್‌ನಿಂದಲೇ ಮಾಡಬೇಕು. ಅಭ್ಯಾಸ ಇಲ್ಲದಿದ್ದರೆ ಇದೇ ಅರ್ಧ ಕಷ್ಟ. ಹಾಗಾಗಿ ನನಗೆ ಕೆಲಸಕ್ಕೆ ಬಂದದ್ದನ್ನು ಮೊದಲು ಹೇಳಿಬಿಡುತ್ತೇನೆ.

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಆಮೇಲೆ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್, ಅಂದರೆ ಮೆಷಿನ್‌ನಲ್ಲಿರುವ ಸಾಧನಗಳ ಪಟ್ಟಿ, ತೆರೆಯುತ್ತದೆ. ಟ್ಯಾಬ್ ಒತ್ತಿ ಪಟ್ಟಿಯೊಳಗೆ ಹೋಗಬೇಕು. ಮೇಲೆ ಕೆಳಗೆ ಹೋಗಲು ಬಾಣದ ಕೀ, ಒಂದು ಗುಂಪನ್ನು ಬಿಚ್ಚಲು ಬಲಬಾಣ, ಮಡಚಲು ಎಡಬಾಣ. ರೈಟ್ ಕ್ಲಿಕ್ ಬೇಕಾದಲ್ಲಿ ಶಿಫ್ಟ್ ಮತ್ತು ಎಫ್10. ಪ್ರಾಪರ್ಟೀಸ್ ಬೇಕಾದರೆ ಆಲ್ಟ್ ಮತ್ತು ಎಂಟರ್. ಆ ಪೆಟ್ಟಿಗೆಯೊಳಗೆ ಒಂದು ಟ್ಯಾಬ್‌ನಿಂದ ಇನ್ನೊಂದಕ್ಕೆ ಹೋಗಲು ಕಂಟ್ರೋಲ್ ಮತ್ತು ಟ್ಯಾಬ್. 'ಈ ಪ್ರೋಗ್ರಾಂ ಬದಲಾವಣೆ ಮಾಡಲಿ ಅಂತೀರಾ' ಎಂದು ವಿಂಡೋಸ್ ಕೇಳಿದಾಗ ಆಲ್ಟ್ ಮತ್ತು ವೈ.

ಇನ್ನೊಂದು ದಾರಿ ಮೌಸ್ ಕೀಸ್. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಂಬರ್ ಲಾಕ್, ಈ ಮೂರನ್ನೂ ಒಟ್ಟಿಗೆ ಒತ್ತಿ. ಒಂದು ಪ್ರಶ್ನೆ ಬರುತ್ತದೆ, ಎಂಟರ್ ಹೊಡೆಯಿರಿ. ಆಮೇಲೆ ಬಲಗಡೆಯ ನಂಬರ್ ಪ್ಯಾಡೇ ಮೌಸ್ ಆಗುತ್ತದೆ. 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ. 5 ಒತ್ತಿದರೆ ಕ್ಲಿಕ್, ಪ್ಲಸ್ ಒತ್ತಿದರೆ ಡಬಲ್ ಕ್ಲಿಕ್. ಮೈನಸ್ ಒತ್ತಿ 5 ಒತ್ತಿದರೆ ರೈಟ್ ಕ್ಲಿಕ್. ಓಟ ನಿಧಾನ, ಆದರೆ ಕೀಬೋರ್ಡ್‌ಗೆ ಸಿಗದ ಒಂದೊಂದು ಬಟನ್ ಇರುತ್ತದಲ್ಲ, ಅಲ್ಲಿ ಇದು ಕೈ ಹಿಡಿಯುತ್ತದೆ.

ಮೌಸ್ ಕೀಸ್ ಆನ್ ಮಾಡಿದ ಕೂಡಲೇ ಪಾಯಿಂಟರ್ ಕಾಣಿಸಿಕೊಂಡಿತು. ಇದನ್ನು ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ, ಯಾಕೆಂದರೆ ಇದೂ ಒಂದು ಸಾಕ್ಷಿಯೇ. ಸ್ಕ್ರೀನ್ ಮೇಲೆ ಪಾಯಿಂಟರ್ ಓಡಿಸುವ ಭಾಗಕ್ಕೆ ಏನೂ ಆಗಿಲ್ಲ. ತೊಂದರೆ ಅದಕ್ಕಿಂತ ಕೆಳಗೆ, ಯುಎಸ್‌ಬಿಗಿಂತ ಮೇಲೆ. ಕೀಬೋರ್ಡ್ ಕೂಡ ಯುಎಸ್‌ಬಿಯದೇ, ಅದು ಆರಾಮಾಗಿ ಓಡುತ್ತಿದೆ ಅಲ್ವಾ.

ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್‌ಗಳ ಗುಂಪು ತಾನಾಗಿಯೇ ಬಿಚ್ಚಿಕೊಂಡಿತ್ತು. ಏನಾದರೂ ತೊಂದರೆ ಇರುವ ಗುಂಪನ್ನು ಅದು ಹಾಗೇ ತೋರಿಸುತ್ತದೆ. ಒಳಗೆ 'ಎಚ್‌ಐಡಿ ಕಂಪ್ಲೈಂಟ್ ಮೌಸ್' ಅಂತ ಒಂದು ಸಾಲು (ಸಾಮಾನ್ಯ ಮೌಸ್‌ಗೆ ವಿಂಡೋಸ್ ಕೊಡುವ ಹೆಸರು), ಅದರ ಮೇಲೆ ಹಳದಿ ತ್ರಿಕೋನ. ಪ್ರಾಪರ್ಟೀಸ್ ತೆರೆದೆ. ವಿಂಡೋಸ್‌ಗೆ ಈ ಸಾಧನದ ಡ್ರೈವರ್ ಲೋಡ್ ಮಾಡಲು ಆಗುತ್ತಿಲ್ಲ, ಡ್ರೈವರ್ ಕೆಟ್ಟಿರಬಹುದು ಅಥವಾ ಇಲ್ಲದೇ ಇರಬಹುದು, ಕೋಡ್ 39.

ಈ ನಂಬರನ್ನು ನಾನು ಆಗಲೇ ಗಮನ ಕೊಟ್ಟು ಓದಬೇಕಿತ್ತು. ಓದಲಿಲ್ಲ. ಡ್ರೈವರ್ ಕೆಟ್ಟಿದೆ ಅಂದುಕೊಂಡು ಅದೇ ಸಾಲಿನ ಮೇಲೆ ಅನ್‌ಇನ್‌ಸ್ಟಾಲ್ ಡಿವೈಸ್ ಕೊಟ್ಟೆ. ಮೆಷಿನ್ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದೆ. ಮೌಸ್ ತಾನಾಗಿ ಮತ್ತೆ ಪಟ್ಟಿಗೆ ಬಂತು, ಅದೇ ತ್ರಿಕೋನ, ಅದೇ 39. ಇನ್ನೊಂದು ಸಲ ಮಾಡಿದೆ. ಮತ್ತೆ ಅದೇ.

ಇಲ್ಲಿ ಒಂದು ವಿಷಯ ಗೊತ್ತಿರಲಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿ ಆನ್ ಮಾಡುವುದು ಪೂರ್ತಿ ಹೊಸ ಶುರು ಅಲ್ಲ. ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಆನ್ ಮಾಡಿದಾಗ ಅದನ್ನೇ ವಾಪಸ್ ತರುತ್ತದೆ. ಎಲ್ಲ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಬೇಕು. ಡ್ರೈವರ್ ರಿಪೇರಿ ಮಾಡುವಾಗ ಪ್ರತಿ ಸಲವೂ ರೀಸ್ಟಾರ್ಟ್. ನಾನು ರೀಸ್ಟಾರ್ಟ್ ಕೊಟ್ಟೂ ನೋಡಿದೆ, ಕೋಡ್ 39 ಹೋಗಲಿಲ್ಲ. ಆದರೂ ಆ ಅನುಮಾನ ಒಂದು ತೀರಿತು.

ಆಮೇಲಿನ ಒಂದೂವರೆ ಗಂಟೆ ತಪ್ಪು ದಾರಿಯಲ್ಲಿ ಹೋಯಿತು. ಯುಎಸ್‌ಬಿ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಟಿಕ್ ಒಂದೊಂದಾಗಿ ತೆಗೆದೆ. ಪವರ್ ಆಪ್ಷನ್ಸ್‌ನಲ್ಲಿ, ಕೆಲಸವಿಲ್ಲದ ಯುಎಸ್‌ಬಿ ಸಾಧನವನ್ನು ಮಲಗಿಸುವ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿದೆ. ಮೌಸ್ ಸ್ವಲ್ಪ ಹೊತ್ತು ಓಡಿ ನಿಲ್ಲುವುದು, ನಿದ್ದೆಯಿಂದ ಎದ್ದ ಮೇಲೆ ಸತ್ತಿರುವುದು, ಇಂಥದ್ದಕ್ಕೆ ಅವು ಸರಿಯಾದ ಮದ್ದು. ಕೋಡ್ 39ಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಯಿತು.

ಸಿಸ್ಟಂ ಫೈಲ್ ಚೆಕರನ್ನೂ ಓಡಿಸಿದೆ. ವಿಂಡೋಸ್‌ನ ಸ್ವಂತ ಫೈಲ್‌ಗಳೆಲ್ಲ ಸರಿಯಾಗಿವೆ ಅಂತ ಹೇಳಿತು. ಸಿಸ್ಟಂ32 ಒಳಗಿನ ಡ್ರೈವರ್ಸ್ ಫೋಲ್ಡರ್‌ಗೆ ಹೋಗಿ ನೋಡಿದರೆ ಮೌಹಿಡ್, ಮೌಕ್ಲಾಸ್ ಎರಡು ಫೈಲ್‌ಗಳೂ ಅಲ್ಲೇ ಇದ್ದವು. ಮೌಸ್‌ಗೆ ಬೇಕಾದ ಮುಖ್ಯ ಡ್ರೈವರ್‌ಗಳು ಅವೇ. ಹಾಗಾದರೆ ಯಾವ ಡ್ರೈವರ್ ಇಲ್ಲ ಅಂತ ಹೇಳುತ್ತಿದೆ?

ಅಪ್‌ಗ್ರೇಡ್ ಆಗಿ 10 ದಿನದೊಳಗೆ ಹಳೆಯ ವಿಂಡೋಸ್‌ಗೆ ವಾಪಸ್ ಹೋಗುವ ಅವಕಾಶ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ ಆ ಬಟನ್ ಮೇಲೆ ನಿಂತೂ ಇದ್ದೆ. ಒತ್ತಲಿಲ್ಲ. ವಾಪಸ್ ಹೋದರೂ ಕಾರಣ ಗೊತ್ತಾಗುವುದಿಲ್ಲ, ಮುಂದೊಂದು ದಿನ ಮತ್ತೆ ಇದೇ ಕಥೆ. ಬದಲಿಗೆ ಮೆಷಿನ್ ಪಕ್ಕಕ್ಕಿಟ್ಟು ನೋಟ್‌ಬುಕ್ ತೆಗೆದುಕೊಂಡು ಕೂತೆ.

ಅದರಲ್ಲಿ ಬರೆದದ್ದು ಇಷ್ಟು. ಎರಡು ಬೇರೆ ಬೇರೆ ಮೌಸ್, ಎರಡೂ ಸತ್ತಿವೆ. ಒಂದು ಮೌಸ್ ಸತ್ತರೆ ಆ ಮೌಸನ್ನು ನೋಡಬೇಕು. ಎಲ್ಲ ಮೌಸೂ ಸತ್ತರೆ ಎಲ್ಲವೂ ಹಾದು ಹೋಗುವ ಒಂದೇ ಜಾಗ ಯಾವುದು ಅಂತ ನೋಡಬೇಕು. ವಿಂಡೋಸ್‌ನಲ್ಲಿ ಆ ಜಾಗಕ್ಕೆ ಕ್ಲಾಸ್ ಅನ್ನುತ್ತಾರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೌಸ್ ಸರಿದಾಗ ಆ ಸುದ್ದಿ ಮೊದಲು ಯುಎಸ್‌ಬಿ ಡ್ರೈವರ್‌ಗಳಿಗೆ ಬರುತ್ತದೆ. ಅಲ್ಲಿಂದ ಮೌಹಿಡ್‌ಗೆ. ಮೌಹಿಡ್‌ನಿಂದ ಮೌಕ್ಲಾಸ್‌ಗೆ. ಮೌಕ್ಲಾಸ್‌ನಿಂದ ವಿಂಡೋಸ್‌ಗೆ ಹೋಗಿ ಪಾಯಿಂಟರ್ ಸರಿಯುತ್ತದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಇಟ್ಟಿಗೆ ದಾಟಿಸುವ ಸಾಲಿನ ಹಾಗೆ. ಈ ಸಾಲಿನ ಮಧ್ಯೆ ಬೇರೆಯವರೂ ನುಗ್ಗಿ ನಿಲ್ಲಬಹುದು. ಅವಕ್ಕೆ ಫಿಲ್ಟರ್ ಡ್ರೈವರ್ ಅಂತ ಹೆಸರು. ಬಟನ್‌ಗಳ ಕೆಲಸ ಬದಲಾಯಿಸುವ, ಸ್ಕ್ರೋಲ್ ವೇಗ ಹೆಚ್ಚು ಕಡಿಮೆ ಮಾಡುವ ಕೆಲವು ಪ್ರೋಗ್ರಾಂಗಳು ಹೀಗೇ ಕೆಲಸ ಮಾಡುತ್ತವೆ.

ಯಾರ್ಯಾರು ಸಾಲಿನಲ್ಲಿ ನಿಲ್ಲಬೇಕು ಅನ್ನುವ ಪಟ್ಟಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ, ಆ ಕ್ಲಾಸ್‌ನ ಕೆಳಗೆ, ಅಪ್ಪರ್‌ಫಿಲ್ಟರ್ಸ್ ಅನ್ನುವ ಹೆಸರಿನಲ್ಲಿ ಇರುತ್ತದೆ. ಪಟ್ಟಿಯಲ್ಲಿರುವ ಒಬ್ಬರು ಬಾರದಿದ್ದರೂ ವಿಂಡೋಸ್ ಸಾಲನ್ನೇ ಕಟ್ಟುವುದಿಲ್ಲ. ಆ ಪಟ್ಟಿ ಒಂದು ಮೌಸ್‌ಗಲ್ಲ, ಮೌಸ್ ಅನ್ನುವ ಜಾತಿಗೇ ಸೇರಿದ್ದು. ಅದಕ್ಕೇ ಯಾವ ಮೌಸ್ ಹಾಕಿದರೂ ಸಾಯುತ್ತದೆ. ಕೋಡ್ 39 ಇಲ್ಲಿಗೆ ಸರಿಯಾಗಿ ಕೂತಿತು. ಇಲ್ಲದಿರುವ ಡ್ರೈವರ್ ಮೌಸ್‌ನದೇ ಆಗಬೇಕಿಲ್ಲ, ಅದರ ದಾರಿಯಲ್ಲಿ ನಿಲ್ಲಬೇಕಾದ ಇನ್ಯಾರದೋ ಇರಬಹುದು.

ಈಗ ಪಟ್ಟಿ ನೋಡಬೇಕು. ಪ್ರತಿ ಕ್ಲಾಸ್‌ಗೂ ಒಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಬಾಯಿಪಾಠ ಮಾಡಬೇಕಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಮೌಸ್‌ನ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಟ್ಯಾಬ್‌ನಲ್ಲಿ ಕ್ಲಾಸ್ ಜಿಯುಐಡಿ (Class Guid) ಅನ್ನುವುದನ್ನು ಆರಿಸಿ, ಕೆಳಗೆ ಬಂದದ್ದನ್ನು ಕಂಟ್ರೋಲ್ ಸಿಯಿಂದ ಕಾಪಿ ಮಾಡಿಕೊಂಡೆ. ಮೌಸ್‌ನದು 4ಡಿ36ಇ96ಎಫ್ ಅಂತ ಶುರುವಾಗುತ್ತದೆ. ಕೀಬೋರ್ಡ್‌ನದು 4ಡಿ36ಇ96ಬಿ. ವ್ಯತ್ಯಾಸ ಒಂದೇ ಅಕ್ಷರ. ರಿಜಿಸ್ಟ್ರಿಯಲ್ಲಿ ಎರಡೂ ಹತ್ತಿರ ಹತ್ತಿರ ಕೂತಿರುತ್ತವೆ. ಕೈತಪ್ಪಿ ಕೀಬೋರ್ಡ್‌ನ ಪಟ್ಟಿ ಕೆಡಿಸಿದರೆ ಇರುವ ಒಂದು ದಾರಿಯೂ ಮುಚ್ಚಿತು. ಅದಕ್ಕೇ ಟೈಪ್ ಮಾಡದೆ ಕಾಪಿ ಮಾಡಿದ್ದು.

ರಿಜಿಸ್ಟ್ರಿ ಮುಟ್ಟುವ ಮೊದಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟೆ, ಏನಾದರೂ ಕೆಟ್ಟರೆ ವಿಂಡೋಸನ್ನು ಈಗಿನ ಸ್ಥಿತಿಗೆ ವಾಪಸ್ ತರಲು. ವಿಂಡೋಸ್ ಕೀ ಮತ್ತು ಆರ್ ಒತ್ತಿ, ರೆಜ್‌ಎಡಿಟ್ ಟೈಪ್ ಮಾಡಿ ಎಂಟರ್. ಆಲ್ಟ್ ಮತ್ತು ಡಿ ಒತ್ತಿದರೆ ಮೇಲಿನ ವಿಳಾಸದ ಪಟ್ಟಿಗೆ ಹೋಗುತ್ತದೆ. ಎಚ್‌ಕೀ ಲೋಕಲ್ ಮೆಷಿನ್, ಅದರೊಳಗೆ ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್, ಕೊನೆಗೆ ಕಾಪಿ ಮಾಡಿದ ಆ ಸಂಖ್ಯೆ. ಎಂಟರ್ ಹೊಡೆದ ಮೇಲೆ ಬಲಗಡೆ ನೋಡಿ ಕ್ಲಾಸ್ ಅನ್ನುವುದರ ಎದುರು ಮೌಸ್ ಅಂತಲೇ ಇದೆಯಾ ಅಂತ ಎರಡು ಸಲ ಓದಿದೆ. ಇತ್ತು.

ಮೊದಲು ಎಕ್ಸ್‌ಪೋರ್ಟ್. ಆಲ್ಟ್ ಮತ್ತು ಎಫ್ ಒತ್ತಿ, ಆಮೇಲೆ ಇ. ಈ ಕೊಂಬೆಯನ್ನು ಮಾತ್ರ ಅಂತ ಆರಿಸಿ, ಡೆಸ್ಕ್‌ಟಾಪ್‌ಗೆ ಸೇವ್ ಮಾಡಿದೆ. ಏನಾದರೂ ಎಡವಟ್ಟಾದರೆ ಆ ಫೈಲ್ ಮೇಲೆ ನಿಂತು ಎಂಟರ್ ಹೊಡೆದರೆ ಅಳಿಸಿದ್ದು ವಾಪಸ್ ಬರುತ್ತದೆ. ಈ ಒಂದು ನಿಮಿಷದ ಕೆಲಸ ಬಿಟ್ಟು ಮುಂದೆ ಹೋಗಬೇಡಿ ಅಂತ ನಿಜವಾಗಿ ಕೇಳಿಕೊಳ್ಳುತ್ತೇನೆ.

ಟ್ಯಾಬ್ ಒತ್ತಿ ಬಲಗಡೆಗೆ ಬಂದು, ಅಪ್ಪರ್‌ಫಿಲ್ಟರ್ಸ್ ಮೇಲೆ ನಿಂತು ಎಂಟರ್ ಹೊಡೆದೆ. ಒಂದು ಚಿಕ್ಕ ಪೆಟ್ಟಿಗೆ ತೆರೆಯಿತು. ಅದರಲ್ಲಿ ಎರಡು ಸಾಲು. ಎರಡನೆಯದು ಮೌಕ್ಲಾಸ್, ಅದು ಇರಲೇಬೇಕಾದ್ದು. ಮೊದಲನೆಯದು ಎಂಟು ಅಕ್ಷರದ ಒಂದು ಹೆಸರು. ವಿಂಡೋಸ್‌ನದಲ್ಲ. ಆದರೆ ಎಲ್ಲೋ ನೋಡಿದ ಹಾಗಿತ್ತು.

ತಕ್ಷಣ ಅಳಿಸಲಿಲ್ಲ. ಅದು ಯಾರು ಅಂತ ಮೊದಲು ಗೊತ್ತಾಗಬೇಕಿತ್ತು. ಪೆಟ್ಟಿಗೆಯನ್ನು ಎಸ್ಕೇಪ್ ಒತ್ತಿ ಮುಚ್ಚಿದೆ. ಅದೇ ಕರೆಂಟ್ ಕಂಟ್ರೋಲ್ ಸೆಟ್ ಒಳಗೆ ಸರ್ವಿಸಸ್ ಅಂತ ಒಂದು ಕೊಂಬೆ ಇದೆ, ಡ್ರೈವರ್‌ಗಳ ವಿವರ ಅಲ್ಲಿರುತ್ತದೆ. ಅಲ್ಲಿ ಆ ಎಂಟಕ್ಷರದ ಹೆಸರನ್ನು ಹುಡುಕಿದೆ, ಸಿಕ್ಕಿತು. ಇಮೇಜ್ ಪಾತ್ ಅನ್ನುವ ಸಾಲಿನಲ್ಲಿ ಅದರ ಫೈಲ್ ಎಲ್ಲಿರಬೇಕು ಅಂತ ಬರೆದಿರುತ್ತದೆ. ಡ್ರೈವರ್ಸ್ ಫೋಲ್ಡರ್ ಒಳಗೆ ಅಂತ ಇತ್ತು. ಆ ಫೋಲ್ಡರ್‌ಗೆ ಹೋಗಿ ಹುಡುಕಿದರೆ ಅಂಥ ಫೈಲೇ ಇಲ್ಲ. ಡಿಸ್‌ಪ್ಲೇ ನೇಮ್ ಅನ್ನುವ ಸಾಲಿನಲ್ಲಿ ಪೂರ್ತಿ ಹೆಸರಿತ್ತು. ಓದಿದ ಕೂಡಲೇ ಎಲ್ಲ ಹೊಳೆಯಿತು.

ವರ್ಷಗಳ ಹಿಂದೆ ನನ್ನ ಹತ್ತಿರ ಏಳು ಬಟನ್‌ಗಳ ಒಂದು ಮೌಸ್ ಇತ್ತು. ಅದು ಕೆಟ್ಟು ಎಷ್ಟೋ ಕಾಲವಾಯಿತು. ಅದರ ಬಟನ್‌ಗಳನ್ನು ಹೊಂದಿಸಲು ಹಾಕಿದ್ದ ಪ್ರೋಗ್ರಾಂ ಮಾತ್ರ ಮೆಷಿನ್‌ನಲ್ಲಿ ಹಾಗೇ ಉಳಿದಿತ್ತು. ಏನೇ ತೆಗೆದು ಹಾಕಿದರೂ ಬರೆದಿಡುವುದು ನನ್ನ ಅಭ್ಯಾಸ. ಶನಿವಾರದ ಪಟ್ಟಿಯಲ್ಲಿ ಆರನೆಯ ಸಾಲು ಅದೇ. ಅಪ್‌ಗ್ರೇಡ್‌ಗೆ ಅರ್ಧ ಗಂಟೆ ಮೊದಲು ನಾನೇ ಅನ್‌ಇನ್‌ಸ್ಟಾಲ್ ಮಾಡಿದ್ದೆ.

ಅದರ ಅನ್‌ಇನ್‌ಸ್ಟಾಲರ್ ತನ್ನ ಡ್ರೈವರ್ ಫೈಲನ್ನು ಅಳಿಸಿದೆ. ಪಟ್ಟಿಯಿಂದ ತನ್ನ ಹೆಸರನ್ನು ತೆಗೆದಿಲ್ಲ. ಆ ಹೊತ್ತಿಗೆ ಡ್ರೈವರ್ ಮೆಮೊರಿಯಲ್ಲಿ ಲೋಡ್ ಆಗಿಯೇ ಇತ್ತು, ಹಾಗಾಗಿ ಮೌಸ್ ಓಡುತ್ತಲೇ ಇತ್ತು. ನಾನು ಒಂದು ಸಲವೂ ರೀಸ್ಟಾರ್ಟ್ ಮಾಡದೆ ನೇರವಾಗಿ ಅಪ್‌ಗ್ರೇಡ್ ಶುರು ಮಾಡಿದೆ. ಅಪ್‌ಗ್ರೇಡ್ ಆ ಪಟ್ಟಿಯನ್ನು ಇದ್ದ ಹಾಗೇ ಹೊಸ ವಿಂಡೋಸ್‌ಗೆ ದಾಟಿಸಿತು. ಅಪ್‌ಗ್ರೇಡ್ ಮಾಡದೆ ಸುಮ್ನೆ ರೀಸ್ಟಾರ್ಟ್ ಮಾಡಿದ್ದರೂ ಮೌಸ್ ಸಾಯುತ್ತಿತ್ತು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು, ನಾನು ಅರ್ಧ ದಿನ ಕಾಗೆಯನ್ನೇ ನೋಡುತ್ತ ಕೂತಿದ್ದೆ. ಆ ಪ್ರೋಗ್ರಾಂ ಮಾಡಿದವರ ಮೇಲೆ ನನಗೆ ಬೇಸರ ಇದೆ. ಎಲ್ಲ ಮೌಸ್‌ಗಳ ದಾರಿಯಲ್ಲಿ ನಿಲ್ಲುವ ಪ್ರೋಗ್ರಾಂ ಹೋಗುವಾಗ ಆ ದಾರಿಯನ್ನು ತೆರವು ಮಾಡಿಯೇ ಹೋಗಬೇಕು.

ಮತ್ತೆ ಮೌಸ್ ಕ್ಲಾಸ್‌ಗೆ ಬಂದು ಅಪ್ಪರ್‌ಫಿಲ್ಟರ್ಸ್ ತೆರೆದೆ. ಕಂಟ್ರೋಲ್ ಮತ್ತು ಹೋಮ್ ಒತ್ತಿ ಮೊದಲ ಸಾಲಿನ ತಲೆಗೆ ಹೋದೆ. ಶಿಫ್ಟ್ ಮತ್ತು ಎಂಡ್ ಒತ್ತಿದಾಗ ಆ ಸಾಲು ಮಾತ್ರ ನೀಲಿಯಾಯಿತು. ಡಿಲೀಟ್ ಒತ್ತಿದೆ. ಈಗ ಮೇಲೆ ಒಂದು ಖಾಲಿ ಸಾಲು, ಕೆಳಗೆ ಮೌಕ್ಲಾಸ್. ಇನ್ನೊಮ್ಮೆ ಡಿಲೀಟ್ ಒತ್ತಬೇಕಿತ್ತು, ಒತ್ತದೆ ಟ್ಯಾಬ್‌ನಿಂದ ಓಕೆಗೆ ಹೋಗಿ ಎಂಟರ್ ಹೊಡೆದೆ. ಈ ಪಟ್ಟಿಯಲ್ಲಿ ಖಾಲಿ ಸಾಲು ಇರುವ ಹಾಗಿಲ್ಲ, ಅದನ್ನು ತೆಗೆಯುತ್ತೇನೆ ಅಂತ ರೆಜ್‌ಎಡಿಟ್ ಎಚ್ಚರಿಸಿತು. ಒಪ್ಪಿಕೊಂಡೆ. ಮತ್ತೆ ತೆರೆದು ನೋಡಿದೆ. ಮೌಕ್ಲಾಸ್ ಒಂದೇ ಸಾಲು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಸರಿಯಾಗಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಪ್ಪರ್‌ಫಿಲ್ಟರ್ಸ್ ಪೂರ್ತಿ ಅಳಿಸಿಬಿಡಿ ಅನ್ನುವ ಸಲಹೆ ಅಲ್ಲಲ್ಲಿ ಕಿವಿಗೆ ಬೀಳುತ್ತದೆ. ಸಿಡಿ, ಡಿವಿಡಿ ಡ್ರೈವ್‌ಗಳ ತೊಂದರೆಗೆ ಹೇಳುವ ಮಾತು ಅದು. ಮೌಸ್‌ಗೆ ಹಾಗೆ ಮಾಡಿದರೆ ಮೌಕ್ಲಾಸೂ ಹೋಗುತ್ತದೆ, ಆಗ ಮೌಸ್ ಖಂಡಿತ ಓಡುವುದಿಲ್ಲ. ಕೀಬೋರ್ಡ್ ಕ್ಲಾಸ್‌ನಲ್ಲಿ ಹಾಗೇ ಕೆಬಿಡಿಕ್ಲಾಸ್ ಅಂತ ಇರುತ್ತದೆ, ಅದನ್ನೂ ಮುಟ್ಟಬಾರದು. ಬೇಡದ ಹೆಸರನ್ನು ಮಾತ್ರ ತೆಗೆಯಬೇಕು.

ರೀಸ್ಟಾರ್ಟ್ ಕೊಟ್ಟೆ. ಲಾಕ್ ಸ್ಕ್ರೀನ್ ಬಂತು. ಮೌಸ್ ಮೇಲೆ ಕೈಯಿಟ್ಟು ಮೆಲ್ಲಗೆ ಸರಿಸಿದೆ. ಸ್ಕ್ರೀನ್ ಮಧ್ಯದಿಂದ ಬಿಳಿ ಬಾಣ ಹೊರಟಿತು. ಮಧ್ಯಾಹ್ನ ಎರಡೂಮುಕ್ಕಾಲು. ಸುಮ್ನೆ ಒಂದೆರಡು ನಿಮಿಷ ಅದನ್ನು ಆ ಮೂಲೆಯಿಂದ ಈ ಮೂಲೆಗೆ ಓಡಿಸುತ್ತ ಕೂತೆ. ಅಷ್ಟು ಖುಷಿಯಾಗಿತ್ತು.

ಮೌಸ್ ಓಡಿದ ಮೇಲೂ ಕೆಲಸ ಸ್ವಲ್ಪ ಉಳಿದಿತ್ತು. ಆ ಹಳೆಯ ಸರ್ವಿಸ್‌ನ ಹೆಸರು ರಿಜಿಸ್ಟ್ರಿಯಲ್ಲಿ ಇನ್ನೂ ಇತ್ತು. ವಿಂಡೋಸ್ ಕೀ ಮತ್ತು ಎಕ್ಸ್, ಆಮೇಲೆ ಎ ಒತ್ತಿ ಅಡ್ಮಿನ್ ಟರ್ಮಿನಲ್ ತೆರೆದು, ಎಸ್‌ಸಿ ಡಿಲೀಟ್ ಕಮಾಂಡ್‌ಗೆ ಆ ಹೆಸರು ಕೊಟ್ಟು ತೆಗೆದೆ. ಆಮೇಲೆ ಪಿಎನ್‌ಪಿಯುಟಿಲ್ ಅನ್ನುವ ಕಮಾಂಡ್‌ಗೆ ಎನಮ್ ಡ್ರೈವರ್ಸ್ ಅಂತ ಕೊಟ್ಟೆ. ಮೆಷಿನ್‌ಗೆ ಹೊರಗಿನಿಂದ ಬಂದ ಡ್ರೈವರ್ ಪ್ಯಾಕೇಜ್‌ಗಳನ್ನೆಲ್ಲ ಅದು ತೋರಿಸುತ್ತದೆ. ಅದೇ ಪ್ರೋಗ್ರಾಂನ ಹಳೆಯ ಪ್ಯಾಕೇಜ್ ಅಲ್ಲಿ ಇನ್ನೂ ಇತ್ತು. ಒಇಎಂ ಅಂತ ಶುರುವಾಗುವ ಅದರ ಹೆಸರನ್ನು ಡಿಲೀಟ್ ಡ್ರೈವರ್ ಆಯ್ಕೆಗೆ ಕೊಟ್ಟು ಅದನ್ನೂ ತೆಗೆದೆ. ಅಲ್ಲೇ ಬಿಟ್ಟಿದ್ದರೆ ಮುಂದೆಂದೋ ಮತ್ತೆ ತಲೆ ಎತ್ತಬಹುದಿತ್ತು. ಗಡಿಬಿಡಿಯಲ್ಲಿ ಬದಲಾಯಿಸಿದ್ದ ಪವರ್ ಸೆಟ್ಟಿಂಗ್‌ಗಳನ್ನೂ ಮೊದಲಿನ ಹಾಗೆ ಮಾಡಿದೆ. ಮದ್ದು ಅಲ್ಲದ್ದನ್ನು ಹಾಗೇ ಬಿಟ್ಟರೆ ಮುಂದಿನ ಸಲ ಅದೇ ದಾರಿ ತಪ್ಪಿಸುತ್ತದೆ.

ನಿಮ್ಮ ಮೌಸ್ ಕಥೆ ಬೇರೆಯೂ ಇರಬಹುದು. ಒಂದೇ ಮೌಸ್ ಸತ್ತಿದ್ದು, ಬೇರೆಯದು ಓಡುತ್ತಿದ್ದರೆ ರಿಜಿಸ್ಟ್ರಿ ಕಡೆ ಹೋಗಲೇಬೇಡಿ. ಬ್ಲೂಟೂತ್ ಮೌಸ್ ಆದರೆ ಅದನ್ನು ಪಟ್ಟಿಯಿಂದ ತೆಗೆದು ಮತ್ತೆ ಪೇರ್ ಮಾಡಿ ನೋಡಿ. ಚಿಕ್ಕ ರಿಸೀವರ್ ಇರುವ ವೈರ್‌ಲೆಸ್ ಮೌಸ್ ತಡೆದು ತಡೆದು ಓಡುತ್ತಿದ್ದರೆ, ಬ್ಯಾಟರಿ ನೋಡಿದ ಮೇಲೆ, ರಿಸೀವರನ್ನು ಯುಎಸ್‌ಬಿ 3 ಪೋರ್ಟ್‌ಗಳಿಂದ ದೂರಕ್ಕೆ ಹಾಕಿ. ಅಲ್ಲಿ ಓಡುವ ಡೇಟಾದ ಗದ್ದಲ ಈ ಮೌಸ್‌ಗಳು ಬಳಸುವ 2.4 ಗಿಗಾಹರ್ಟ್ಸ್ ಅಲೆಗೇ ಬಂದು ಬಡಿಯುತ್ತದೆ. ಕೋಡ್ 39ರ ಬದಲು ಕೋಡ್ 19 ಬಂದಿದ್ದರೂ ನಾನು ಹೋದ ದಾರಿಯಲ್ಲೇ ಹೋಗಿ ನೋಡಬಹುದು. ಅದೂ ರಿಜಿಸ್ಟ್ರಿಯ ಮಾಹಿತಿ ಸರಿಯಿಲ್ಲ ಅಂತಲೇ ಹೇಳುತ್ತದೆ.

ಮೂರು ದಿನ ಆಯಿತು. ಎರಡು ಸಲ ರೀಸ್ಟಾರ್ಟ್, ಒಂದು ಸಲ ಪೂರ್ತಿ ಪವರ್ ತೆಗೆದು ಆನ್ ಮಾಡಿದ್ದು, ಒಂದು ರಾತ್ರಿ ಸ್ಲೀಪ್‌ನಲ್ಲಿ ಬಿಟ್ಟದ್ದು, ಎಲ್ಲ ಆದ ಮೇಲೂ ಎರಡು ಮೌಸ್‌ಗಳೂ ಓಡುತ್ತಿವೆ. ಎಕ್ಸ್‌ಪೋರ್ಟ್ ಮಾಡಿದ ಆ ಫೈಲನ್ನು ಡೆಸ್ಕ್‌ಟಾಪ್‌ನಿಂದ ತೆಗೆದು, ತಾರೀಖು ಬರೆದು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ.